ಆಮ್ರಪಾಲಿಯ ದವಡೆ

ಬಬಲೇಶ್ವರದ ಬಸ್ಸಿಗೆ ಕಂಡಕ್ಟರ್ ಆಗಿದ್ದ ಆಮ್ರಪಾಲಿಗೆ ದವಡೆನೋವು ಯಾವಾಗ ಶುರುವಾಯಿತೆಂದು ಅವಳಿಗೇ ನೆನಪಿರಲಿಲ್ಲ. ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. "ಆಧಾರ್ ಕಾರ್ಡ್ ತೋರಿಸ್ರಿ, ಮುಂದ ಸರೀರಿ" ಎಂದು ದಿನವಿಡೀ ಕೂಗಬೇಕು; ಯಾರಾದರೂ ಜಗಳಕ್ಕೆ ಬಂದರೆ ಹಲ್ಲು ಕಚ್ಚಿ ಸುಮ್ಮನಾಗಬೇಕು. ಹಗಲು ಕಚ್ಚಿದ ಹಲ್ಲು ನಿದ್ದೆಯಲ್ಲೂ ಸಡಿಲವಾಗುತ್ತಿರಲಿಲ್ಲ. ಬೆಳಗ್ಗೆ ಎದ್ದರೆ ಕಿವಿಯ ಮುಂದೆ ಮೊಳೆ ಹೊಡೆದಂಥ ನೋವು. ಖಡಕ್ ರೊಟ್ಟಿಯ ಮಾತು ಹಾಗಿರಲಿ, ಆಕಳಿಸಲಿಕ್ಕೂ ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ.

ನೋವಿನ ಜೊತೆಗೆ ಮುಖವೂ ಬದಲಾಯಿತು. ದವಡೆಯ ಎರಡೂ ಬದಿ ಉಬ್ಬಿ ಮುಖ ಚೌಕಾಕಾರಕ್ಕೆ ತಿರುಗಿತು. ಅವಳ ಬಸ್ಸಿನ ಡ್ರೈವರ್ ಶಂಕ್ರೆಪ್ಪ ಒಳ್ಳೆಯವನೇ, ಆದರೆ ನಾಲಿಗೆಗೆ ಲಗಾಮಿಲ್ಲ. ಒಂದು ದಿನ ಮಮದಾಪುರದಲ್ಲಿ ಚಹಾ ಕುಡಿಯುವಾಗ, "ಹೆಸರು ಆಮ್ರಪಾಲಿ, ದವಡಿ ನೋಡಿದ್ರ ಪೈಲ್ವಾನಂದು" ಅಂದುಬಿಟ್ಟ. ಸುತ್ತಲಿದ್ದವರು ನಕ್ಕರು. ಅವಳೂ ನಕ್ಕಳು. ಆದರೆ ಟಿಕೋಟಾದ ಮನೆಗೆ ಬಂದವಳು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಳು.

ರಜೆಯ ದಿನ ವಿಜಯಪುರದ ಸ್ಟೇಷನ್ ರಸ್ತೆಯ ಹಲ್ಲಿನ ಡಾಕ್ಟರ್ ಐಶ್ವರ್ಯ ಅವರ ಬಳಿ ಹೋದಳು. "ಈ ಹಲ್ಲು ಕಿತ್ತು ಒಗೀರಿ ಮೇಡಂ" ಎಂದಳು.

ಡಾಕ್ಟರು ಎಕ್ಸ್‌ರೇ ನೋಡಿ, ಕೆನ್ನೆ ಒತ್ತಿ ನೋಡಿದರು. "ಹಲ್ಲು ಚಲೋ ಅದಾವ ಅಕ್ಕಾರ. ನೋವು ಸ್ನಾಯುವಿನದು. ನಿದ್ದ್ಯಾಗ ಹಲ್ಲು ಕಡ್ದು ಕಡ್ದು ಅದು ಉಬ್ಬೇತಿ."

ಮೊದಲು ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಕವಚ ಕೊಟ್ಟರು, ಬಾಯಿಯ ವ್ಯಾಯಾಮ ಹೇಳಿಕೊಟ್ಟರು. ಕೆಲವು ತಿಂಗಳು ಕಳೆದರೂ ನೋವು ಅರ್ಧವಷ್ಟೇ ಇಳಿಯಿತು. ಆಗ ಡಾಕ್ಟರು ಇಂಜೆಕ್ಷನ್ನಿನ ಮಾತೆತ್ತಿದರು.

"ಸ್ನಾಯು ಸಡಿಲ ಮಾಡೋದ್ರಿ ಇದು. ಸಿನಿಮಾದವರು ಹಣಿ ಗೆರಿ ಹೋಗಲಿ ಅಂತ ತಗೋತಾರಲ್ಲ, ಅದ. ನಾಕೈದು ತಿಂಗಳು ಕೆಲಸ ಮಾಡತೈತಿ. ಸ್ವಲ್ಪ ದಿನ ಅಗಿಯಾಕ ಬಲ ಸಾಲೂದಿಲ್ಲ, ಕೆಲವರಿಗೆ ನಗು ಸೊಟ್ಟ ಆಗತೈತಿ, ಆಮ್ಯಾಲ ಸರಿ ಹೋಗತೈತಿ. ದವಡಿ ಉಬ್ಬೂ ಇಳೀತೈತಿ."

ಆ ಕೊನೆಯ ಮಾತು ಊರು ಮುಟ್ಟುವವರೆಗೂ ಅವಳ ತಲೆಯಲ್ಲಿ ಗುಂಯ್‌ಗುಡುತ್ತಿತ್ತು.

ಗಂಡ ಗೌತಮ ಎಲ್ಲ ಕೇಳಿ, "ಅವ್ವಗ ನೋವಿಗೆ ಅಂತಷ್ಟ ಹೇಳು. ಮುಖದ ಮಾತು ತಗೀಬ್ಯಾಡ" ಎಂದು ಪಿಸುಗುಟ್ಟಿದ. ಆದರೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅತ್ತೆ ಪರಸವ್ವನ ಕಿವಿ ಚುರುಕು.

"ಮುಖಕ್ಕ ಇಂಜೆಕ್ಷನ್ನಾ? ಎರಡು ಮಕ್ಕಳ ತಾಯಿ, ಇನ್ನ ಯಾರಿಗೆ ತೋರಿಸಬೇಕಂತಿ ಬೇ?"

ಸುಳ್ಳು ಹೇಳುವುದು ಸುಲಭವಿತ್ತು. ನೋವು ಅಂದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಆಮ್ರಪಾಲಿ ಒಳಗೆ ಹೋಗಿ ಅತ್ತೆಯ ಎದುರಿಗೇ ಕುಳಿತಳು.

"ಯಾರಿಗೂ ಅಲ್ರಿ ಅತ್ತಿ. ಕನ್ನಡ್ಯಾಗ ನನಗ ನಾ ಕಾಣಬೇಕ್ರಿ. ನೋವೂ ಹೋಗಬೇಕು, ಮುಖಾನೂ ಮೊದಲಿನಂಗ ಆಗಬೇಕು. ಒಂದು ಹೇಳಿ ಒಂದು ಮುಚ್ಚಿಡೂದು ನನಗಾಗೂದಿಲ್ಲ."

ಪರಸವ್ವ ರೊಟ್ಟಿಯನ್ನು ಇನ್ನಷ್ಟು ಜೋರಾಗಿ ಬಡಿದಳು. ಅಂದಿನಿಂದ ಅತ್ತೆ ಸೊಸೆ ಮಾತು ಬಿಟ್ಟರು.

ಆಮ್ರಪಾಲಿ ಹೋದಳು. ಡಾಕ್ಟರು ಹಲ್ಲು ಬಿಗಿಯಾಗಿ ಕಚ್ಚಲು ಹೇಳಿ, ಉಬ್ಬಿದ ಕಡೆ ಪೆನ್ನಿನಿಂದ ಗುರುತು ಹಾಕಿ, ಸಣ್ಣ ಸೂಜಿ ಚುಚ್ಚಿದರು. ಚಹಾ ಆರುವಷ್ಟರಲ್ಲಿ ಕೆಲಸ ಮುಗಿದಿತ್ತು.

ಎರಡು ವಾರಕ್ಕೆ ನೋವು ಸಡಿಲವಾಯಿತು. ಆದರೆ ಡಾಕ್ಟರು ಹೇಳಿದ್ದೇ ಆಯಿತು: ನಕ್ಕರೆ ತುಟಿಯ ಎಡತುದಿ ಮೇಲೇಳುತ್ತಿರಲಿಲ್ಲ. ಆಮ್ರಪಾಲಿ ಕನ್ನಡಿಯ ಮುಂದೆ ಮತ್ತೆ ಮತ್ತೆ ನಕ್ಕು ನೋಡಿದಳು. ಪರಸವ್ವ ಕೊನೆಗೂ ಬಾಯಿ ಬಿಟ್ಟಳು: "ಅಂದಕ್ಕಂತ ಹ್ವಾದಾಕಿಗೆ ಇದ್ದ ಅಂದಾನೂ ಹ್ವಾತು." ಹಾಗೆಂದವಳೇ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿದ ಬಟ್ಟಲನ್ನು ಸೊಸೆಯ ಮುಂದೆ ಸರಿಸಿದಳು. ಆಮ್ರಪಾಲಿ ಡಾಕ್ಟರಿಗೆ ಫೋನ್ ಮಾಡಿದಳು. ಕೆಲವು ವಾರ ತಡೆದುಕೊಳ್ಳಿ, ತಾನಾಗಿಯೇ ಸರಿಹೋಗುತ್ತದೆ ಎಂದರು.

ಗೌತಮ ರಜೆ ಹಾಕು ಎಂದ. ಶಂಕ್ರೆಪ್ಪ ಮಾಸ್ಕ್ ಕಟ್ಟಿಕೋ ಎಂದ; ಈ ಸಲ ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ. ಅವಳು ಎರಡನ್ನೂ ಒಪ್ಪದೆ ಎಂದಿನಂತೆ ಬಸ್ ಹತ್ತಿದಳು.

ಬಬಲೇಶ್ವರದಲ್ಲಿ ಹತ್ತಿದ ಮುದುಕಿಯೊಬ್ಬಳು ಅವಳ ನಗು ನೋಡಿ ಗಲ್ಲಕ್ಕೆ ಕೈಯಿಟ್ಟಳು. "ಬಾಯಿ ಯಾಕ ಸೊಟ್ಟಾಗೇತಿ ಯವ್ವಾ? ಲಕ್ವಾ ಹೊಡೀತೇನ?"

ಬಸ್ಸಿನ ಅರ್ಧ ಮಂದಿ ತಿರುಗಿ ನೋಡಿದರು. ಆಮ್ರಪಾಲಿ ಟಿಕೆಟ್ ಮಷಿನ್ನು ಎದೆಗೊತ್ತಿಕೊಂಡಳು.

"ಲಕ್ವಾ ಅಲ್ಲ ಆಯಿ, ಇಂಜೆಕ್ಷನ್ ತಗೊಂಡೇನಿ. ದವಡಿ ನೋವಿಗೆ. ಚಂದ ಕಾಣಾಕೂ ಹೌದು. ಇದೊಂದೀಟು ದಿನ ಇರತೈತಿ, ಆಮ್ಯಾಲ ಹೋಗತೈತಿ."

ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಕಿಟಕಿ ಪಕ್ಕ ಟಿಫಿನ್ ಡಬ್ಬಿ ಹಿಡಿದು ಕುಳಿತಿದ್ದ ಹೆಂಗಸೊಬ್ಬಳು ತನ್ನ ದವಡೆ ಮುಟ್ಟಿಕೊಂಡು ಕೇಳಿದಳು, "ಯಾವ ಡಾಕ್ಟರ್ರಿ ಅಕ್ಕಾ? ನನಗೂ ಮುಂಜಾನಿ ಬಾಯಿ ತೆಗ್ಯಾಕ ಆಗವಲ್ದು."

"ಹೇಳ್ತೀನಿ ತಡೀರಿ," ಎಂದು ಆಮ್ರಪಾಲಿ ಜನರನ್ನು ಸರಿಸುತ್ತ ಅವಳ ಬಳಿ ಹೋದಳು.

ತಿಂಗಳೊಪ್ಪತ್ತಿನಲ್ಲಿ ನಗು ನೇರವಾಯಿತು. ಮೆಲ್ಲಮೆಲ್ಲಗೆ ದವಡೆಯ ಉಬ್ಬು ಇಳಿಯಿತು. ಆಮ್ರಪಾಲಿ ಅಪ್ಸರೆಯೇನೂ ಆಗಲಿಲ್ಲ, ಆದರೆ ಕನ್ನಡಿಯಲ್ಲಿ ಅವಳಿಗೆ ತನ್ನ ಗುರುತು ಸಿಕ್ಕಿತು. ಐದು ತಿಂಗಳ ಮೇಲೆ ಬೆಳಗಿನ ನೋವು ಮತ್ತೆ ಇಣುಕಿದಾಗ ಯಾರನ್ನೂ ಕೇಳದೆ ಡಾಕ್ಟರ ಬಳಿ ದಿನ ಗೊತ್ತು ಮಾಡಿಕೊಂಡಳು.

ಹೊರಡುವಾಗ ನೋಡುತ್ತಾಳೆ, ಪರಸವ್ವ ಹೊಸ ಇಳಕಲ್ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಾಳೆ.

"ನಾನೂ ಬರ್ತೀನಿ ನಡಿ. ಈ ಸಲ ಸೂಜಿ ಸರಿಯಾಗಿ ಚುಚ್ಚಂತ ಆ ಡಾಕ್ಟರಿಣಿಗೆ ನಾ ಹೇಳಬೇಕು."