ನನ್ನ ರಕ್ತ ಹೇಳಿದ ಸಾಕ್ಷಿ

ನನ್ನ ಮಗಳ ಕೆಲಸ ಏನೆಂಬುದು ನಮ್ಮ ಮನೆಯಲ್ಲಿ ಬಹುಕಾಲ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಕೇಳಿದವರಿಗೆ ನಾನು, ಆಸ್ಪತ್ರೆಯಲ್ಲಿ ಔಷಧಿ ಕೊಡುತ್ತಾಳೆ ಎನ್ನುತ್ತಿದ್ದೆ. ಅವಳು, "ಕೊಡೋದಲ್ಲ ಅಪ್ಪ, ಯಾರಿಗೆ ಯಾವುದನ್ನ ಕೊಡಬಾರದು ಅಂತ ಹೇಳೋದು" ಎಂದು ತಿದ್ದುತ್ತಿದ್ದಳು. ಅದನ್ನು ಮೊದಲು ಅರ್ಥ ಮಾಡಿಕೊಂಡವನು ನನ್ನ ತಮ್ಮ. ಅವನು ದರ್ಜಿ. "ನಾನು ಬಟ್ಟೆಗೆ ಮೈ ಅಳತೆ ತಗೋತೀನಿ, ಇವಳು ಗುಳಿಗೆಗೆ ಮೈ ಅಳತೆ ತಗೋತಾಳೆ. ನಾನು ತಪ್ಪಿದರೆ ಅಂಗಿ ಬಿಗಿಯಾಗುತ್ತೆ, ಅಷ್ಟೇ" ಎಂದು ನಕ್ಕಿದ್ದ. ಅಂದಿನಿಂದ ಅವಳನ್ನು ಕರೆಯುತ್ತಿದ್ದುದೇ ಗುಳಿಗೆ ಎಂದು. ಮೂವತ್ತೇಳು ವರ್ಷದ ಹೆಂಗಸನ್ನು ಆಸ್ಪತ್ರೆಯ ವರಾಂಡದಲ್ಲಿ, ದೊಡ್ಡ ಡಾಕ್ಟರ ಎದುರಿಗೇ, "ಏ ಗುಳಿಗೆ, ಬಾ ಇಲ್ಲಿ" ಎಂದು ಕೂಗುತ್ತಿದ್ದ. ಅವಳೂ ಹೋಗುತ್ತಿದ್ದಳು.

ಆ ತಮ್ಮ ಈಗಿಲ್ಲ. ಅವನು ಹೋದ ಬಗೆಯನ್ನು ನಾನು ಹೇಳಬೇಕು, ಏಕೆಂದರೆ ಅದರಲ್ಲಿ ನನ್ನ ಪಾಲಿದೆ.

ಒಂದೇ ಮಾತ್ರೆ ಒಬ್ಬನಿಗೆ ಅಮೃತ, ಇನ್ನೊಬ್ಬನಿಗೆ ವಿಷ ಆಗುವುದುಂಟು. ಔಷಧಿಯನ್ನು ಅರಗಿಸಿ ಹೊರಗೆ ಹಾಕುವ ಶಕ್ತಿ ಒಬ್ಬೊಬ್ಬರಿಗೆ ಒಂದೊಂದು ಬಗೆ. ಅದು ಹುಟ್ಟುವಾಗಲೇ ಜೀನ್‌ಗಳಲ್ಲಿ ಬರೆದು ಬಂದಿರುತ್ತದಂತೆ. ರಕ್ತದ ಪರೀಕ್ಷೆಯಿಂದ ಆ ಬರಹವನ್ನು ಓದಿ, ಈ ರೋಗಿಗೆ ಇದು ಬೇಡ, ಇವರಿಗೆ ಅರ್ಧ ಸಾಕು ಎಂದು ಡಾಕ್ಟರಿಗೆ ಬರೆದು ಕೊಡುವುದು ನನ್ನ ಮಗಳ ಕೆಲಸ. ಆಸ್ಪತ್ರೆಯ ಉದ್ದನೆಯ ವರಾಂಡದ ಕೊನೆಗೆ ಅವಳಿಗೆ ಒಂದು ಸಣ್ಣ ಕೋಣೆ. ಒಂದು ಕಂಪ್ಯೂಟರು, ರೋಗಿಗೊಂದು ಕುರ್ಚಿ, ಮನೆಯವರಿಗೊಂದು ಕುರ್ಚಿ. ಪರೀಕ್ಷೆಗೆ ರಕ್ತ ಕಳಿಸುವ ಮೊದಲು ಅವಳು ಇಪ್ಪತ್ತಮೂರು ಪ್ರಶ್ನೆಗಳ ಒಂದು ಹಾಳೆ ಹಿಡಿದು ಕೂರುತ್ತಾಳೆ. ಮೊದಲು ರೋಗಿಯನ್ನು ಕೇಳುತ್ತಾಳೆ, ಆಮೇಲೆ ಅವನನ್ನು ಹೊರಗೆ ಕಳಿಸಿ ಅದೇ ಪ್ರಶ್ನೆಗಳನ್ನು ಮನೆಯವರಿಗೆ ಕೇಳುತ್ತಾಳೆ. ಅದೇಕೆ ಎರಡೆರಡು ಸಲ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ರೋಗಿ ಮರೆತದ್ದು ಮನೆಯವರಿಗೆ ನೆನಪಿರುತ್ತೆ. ಮನೆಯವರು ಮುಚ್ಚಿಟ್ಟದ್ದನ್ನ ರೋಗಿ ಹೇಳಿಬಿಡ್ತಾನೆ" ಎಂದಿದ್ದಳು.

ತಮ್ಮನಿಗೆ ಕರುಳಿನಲ್ಲಿ ಕ್ಯಾನ್ಸರ್ ಕಾಣಿಸಿತು. ಆಪರೇಷನ್ ಚೆನ್ನಾಗಿಯೇ ಆಯಿತು. ಮತ್ತೆ ಬಾರದಿರಲೆಂದು ಕೆಲವು ತಿಂಗಳು ಮಾತ್ರೆ ನುಂಗಬೇಕು ಎಂದರು. ಕೆಲವರ ಲಿವರಿಗೆ ಆ ಮಾತ್ರೆಯನ್ನು ಅರಗಿಸುವ ಶಕ್ತಿ ಇರುವುದಿಲ್ಲ. ಅದಕ್ಕೇ ಮೊದಲು ಪರೀಕ್ಷೆ. ತಮ್ಮನ ರಕ್ತವನ್ನು ನನ್ನ ಮಗಳೇ ಕಳಿಸಿದಳು. ಏನೂ ಕೊರತೆಯಿಲ್ಲ ಎಂದು ಬಂತು. ಪೂರ್ತಿ ಪ್ರಮಾಣ ಕೊಡಬಹುದು ಎಂದು ಬರೆದು ಸಹಿ ಹಾಕಿದಳು.

ಪ್ರಶ್ನೆಯ ಹಾಳೆ ಹಿಡಿದು ಅವನ ಎದುರು ಕೂತಾಗ ಅವನು, "ನನ್ನ ಕಥೆ ನನಗಿಂತ ನಿಮ್ಮಪ್ಪ ಚೆನ್ನಾಗಿ ಹೇಳ್ತಾನೆ, ಅವನನ್ನ ಕೇಳಿಕೋ. ಮೊದಲು ಚಹಾ ಕುಡಿಸು" ಎಂದನಂತೆ. ಅವಳು ನಕ್ಕು ಎದ್ದಳು. ಚಿಕ್ಕಪ್ಪನ ಕಥೆಯಲ್ಲಿ ತನಗೆ ಗೊತ್ತಿಲ್ಲದ್ದೇನಿದೆ ಎಂದು ಆ ಹಾಳೆಯನ್ನು ತನ್ನ ಮೇಜಿನ ಮೇಲೆ ತಾನೇ ತುಂಬಿದಳು. ಹಿಂದೆ ಬಂದ ಕಾಯಿಲೆ ಎಂಬಲ್ಲಿ, 'ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ರಕ್ತದ ಕಾಯಿಲೆ. ಅಣ್ಣ ರಕ್ತ ಕೊಟ್ಟರು. ವಾಸಿಯಾಗಿದೆ' ಎಂದು ಬರೆದಳು. ನಮ್ಮ ಮನೆಯಲ್ಲಿ ಹುಟ್ಟಿದ ಮಕ್ಕಳೆಲ್ಲ ಕೇಳಿ ಬೆಳೆದ ಕಥೆ ಅದು.

ಮಾತ್ರೆ ಶುರುವಾದ ಎಂಟನೆಯ ದಿನ ತಮ್ಮನ ಬಾಯಿ ಹುಣ್ಣಾಯಿತು. ಹತ್ತನೆಯ ದಿನ ನೀರು ಇಳಿಯದಾಯಿತು. ಭೇದಿ, ಜ್ವರ. ಮಾತ್ರೆಯಿಂದ ಇರಬಹುದೇ ಎಂದು ಡಾಕ್ಟರು ಒಮ್ಮೆ ಕೇಳಿದರು. ಪರೀಕ್ಷೆಯ ಕಾಗದ ಸರಿಯಾಗಿದ್ದುದರಿಂದ ಎಲ್ಲಿಯೋ ಸೋಂಕು ತಗುಲಿದೆ ಎಂದು ಅದನ್ನು ಹುಡುಕಿದರು. ಇನ್ನೂ ಎರಡು ದಿನ ಮಾತ್ರೆಯೂ ನಡೆಯಿತು. ಹತ್ತೊಂಬತ್ತನೆಯ ದಿನ ಅವನು ಹೋದ. ದೇವರ ಚಿತ್ತ ಎಂದೆ. ಅವನ ಹೆಂಡತಿಗೂ ಹಾಗೇ ಹೇಳಿದೆ. ಅವಳು ತಲೆಯಾಡಿಸಿದಳು.

ಅವನು ಹೋದ ಒಂದು ತಿಂಗಳಿಗೆ, ಒಂದು ಬೆಳಗ್ಗೆ, ನಾನು ಕುರ್ಚಿಯಿಂದ ಏಳುತ್ತ ಸೊಂಟ ಹಿಡಿದುಕೊಂಡೆ. ಮಗಳು ಕೆಲಸಕ್ಕೆ ಹೊರಟು ಬೀಗದ ಕೈ ಹುಡುಕುತ್ತಿದ್ದಳು.

"ಏನಪ್ಪ, ಸೊಂಟನಾ?"

"ಹಳೇದಮ್ಮ. ಚಿಕ್ಕಪ್ಪನಿಗೆ ತೆಗೆದ ಜಾಗ. ಚಳಿ ಬಿದ್ದರೆ ಇವತ್ತಿಗೂ ಹಿಡಿಯುತ್ತೆ."

ಅವಳು ಹುಡುಕುವುದನ್ನು ನಿಲ್ಲಿಸಿದಳು. "ಎಲ್ಲಿಂದ ತೆಗೆದದ್ದು?"

"ಸೊಂಟದ ಮೂಳೆಯಿಂದ."

"ರಕ್ತ ಕೊಟ್ಟೆ ಅಂತ ತಾನೆ ಹೇಳ್ತಿದ್ದೆ?"

"ಹಾಗಂತ ಹೇಳಿದ್ದು. ಅಜ್ಜಿಗೆ ಹೆದರಿಕೆ."

ನಿಜ ಇದು. ತಮ್ಮನ ಮೂಳೆಯೊಳಗೆ ರಕ್ತ ಹುಟ್ಟುವುದೇ ನಿಂತುಹೋಗಿತ್ತು. ನನ್ನ ಮೂಳೆಯ ಮಜ್ಜೆ ತೆಗೆದು ಅವನಿಗೆ ಹಾಕಿದರು. ಒಬ್ಬ ಮಗನನ್ನು ಉಳಿಸಲು ಇನ್ನೊಬ್ಬನ ಮೂಳೆ ಕೊರೆಯುತ್ತಾರೆಂದರೆ ಅಮ್ಮ ಒಪ್ಪುವವಳಲ್ಲ. ಅದಕ್ಕೆ ನಾವಿಬ್ಬರೂ ಸೇರಿ, ಬರೀ ರಕ್ತ ಎಂದೆವು. ಆಮೇಲೆ ಅವನಿಗೆ ಹೆಣ್ಣು ನೋಡುವಾಗಲೂ ಅದೇ ಮಾತು ಅನುಕೂಲವಾಯಿತು. ಅಮ್ಮ ತೀರಿಕೊಂಡು ಇಪ್ಪತ್ತು ವರ್ಷವಾದರೂ ಅದು ಹಾಗೇ ಉಳಿಯಿತು. ಮನೆಯಲ್ಲಿ ಹಳೆಯ ಸುಳ್ಳು ಹಳೆಯ ಮಂಚದ ಹಾಗೆ. ಯಾರೂ ಅದರ ಕಡೆ ಕಣ್ಣಿಟ್ಟು ನೋಡುವುದಿಲ್ಲ.

ಮಗಳು ನಿಂತಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಅಲ್ಲಿಂದಲೇ ಮಾತಾಡಿದಳು. ಸಣ್ಣ ಮಕ್ಕಳಿಗೆ ಹೇಳುವ ಹಾಗೆ, ಒಂದೊಂದೇ ಮಾತು.

"ರಕ್ತ ಹುಟ್ಟೋದು ಮಜ್ಜೆಯಲ್ಲಿ ಅಪ್ಪ. ಮಜ್ಜೆ ನಿನ್ನದಾದ ಮೇಲೆ ಚಿಕ್ಕಪ್ಪನ ಮೈಯಲ್ಲಿ ಓಡ್ತಿದ್ದ ರಕ್ತವೆಲ್ಲ ನಿನ್ನದೇ. ಲಿವರ್ ಮಾತ್ರ ಅವರದು. ನಾನು ಅವರ ರಕ್ತ ಕಳಿಸಿದೆ, ಅದು ನಿನ್ನ ವಿಷಯ ಹೇಳ್ತು. ನಿನಗೆ ಏನೂ ಕೊರತೆಯಿಲ್ಲ ಅಂತ ಹೇಳ್ತು. ನಾನು ಅದನ್ನ ಅವರಿಗೆ ಬರೆದೆ."

"ಅಂದರೆ?"

"ಅಂದರೆ ಮಾತ್ರೆಯಿಂದಲೇ ಹೋಗಿರಬಹುದು."

ನನಗೆ ಮೊದಲು ಬಂದ ಮಾತು ಏನೆಂದು ಹೇಳಲು ನಾಚಿಕೆಯಾಗುತ್ತದೆ. "ಯಾರಿಗೂ ಹೇಳಬೇಡ" ಎಂದೆ.

ಅವಳು ನನ್ನ ಮುಖ ನೋಡಿದಳು.

"ಮಿಂಚಿ ಹೋದ ಕಾರ್ಯ ಕಣಮ್ಮ. ಹೇಳಿದರೆ ಸತ್ತವನು ಎದ್ದು ಬರ್ತಾನಾ? ನಿನ್ನ ಕೆಲಸ ಹೋಗುತ್ತೆ. ಚಿಕ್ಕಮ್ಮ ನಮ್ಮ ಮನೆ ಬಾಗಿಲು ತುಳಿಯಲ್ಲ. ನನಗೆ ಇನ್ಯಾರಿದ್ದಾರೆ ಹೇಳು."

"ಸತ್ತವರು ಬರಲ್ಲ. ಅವರ ಮಗಳು ಬದುಕಿದ್ದಾಳಲ್ಲ" ಎಂದಳು. "ಚಿಕ್ಕಪ್ಪನಲ್ಲಿ ಆ ಕೊರತೆ ಇದ್ದರೆ ಅವಳಿಗೂ ಬಂದಿರುತ್ತೆ. ನಾಳೆ ಅವಳಿಗೇನಾದರೂ ಆಗಿ ಯಾರೋ ಅದೇ ಮಾತ್ರೆ ಬರೆದರೆ? ಆಗ ನಾನೂ ಇಲ್ಲದೆ ಇದ್ದರೆ?"

ಆದರೂ ನಾನು ಮತ್ತೆ ಮತ್ತೆ ಬೇಡ ಎಂದೆ. ಅವಳು ಅಂದೇ ಹೋಗಿ ದೊಡ್ಡ ಡಾಕ್ಟರಿಗೆ ಎಲ್ಲವನ್ನೂ ಬರೆದು ಕೊಟ್ಟಳು. ಅವರು ಅವಳನ್ನು ಬೈಯಲಿಲ್ಲವಂತೆ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು. ಆಪರೇಷನ್ನಿನಲ್ಲಿ ತೆಗೆದ ಕರುಳಿನ ಒಂದು ತುಣುಕನ್ನು ಪ್ರಯೋಗಶಾಲೆಯಲ್ಲಿ ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ. ಆ ಮಾಂಸ ತಮ್ಮನ ಸ್ವಂತದ್ದು. ಅದರ ಪರೀಕ್ಷೆ ಆಗಲಿ, ಖಚಿತವಾದ ಮೇಲೆ ಮನೆಯವರಿಗೆ ಹೇಳೋಣ ಎಂದರು. ಒಂಬತ್ತು ದಿನ ಹಿಡಿಯಿತು.

ಆ ಒಂಬತ್ತು ದಿನವೂ ಮಧ್ಯಾಹ್ನ ನಾನು ತಮ್ಮನ ಅಂಗಡಿಗೆ ಹೋದೆ. ಅವನು ಇರುವಾಗಲೂ ಹೋಗುತ್ತಿದ್ದೆ, ಬಿಟ್ಟರೆ ಅವನ ಹೆಂಡತಿಗೆ ಅನುಮಾನ ಬರುತ್ತದೆಂದು ಹೋದೆ. ಮುಂದೆ ಅಂಗಡಿ, ಹಿಂದೆ ಎರಡು ಕೋಣೆ. ಅವನು ಕತ್ತರಿಸಿಟ್ಟು ಹೊಲಿಯದೆ ಬಿಟ್ಟ ಬಟ್ಟೆಗಳನ್ನು ಅವನ ಹೆಂಡತಿ ಒಂದೊಂದಾಗಿ ಮುಗಿಸುತ್ತಿದ್ದಳು. ಅವಳ ಕೈ ಹೊಲಿಗೆ ಅವನ ಮಷೀನಿಗಿಂತ ಸಣ್ಣದು. "ಭಾವ, ಈ ಕಾಲರು ನೋಡಿ. ಇದನ್ನ ಕತ್ತರಿಸುವಾಗ ಯಾರ ಜೊತೆಗೋ ಹರಟುತ್ತಿದ್ದರು ಅಂತ ಕಾಣುತ್ತೆ, ಒಂದು ಕಡೆ ಉದ್ದ" ಎಂದು ತೋರಿಸುತ್ತಿದ್ದಳು. ನಾನು ನಗುತ್ತಿದ್ದೆ. ಅವಳು ಕೊಟ್ಟ ಚಹಾ ಕುಡಿಯುತ್ತಿದ್ದೆ. ಮನೆಗೆ ಬಂದು ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತರೆ ಬರುತ್ತಿದ್ದುದು ಒಂದೇ ಮಾತು: ಆ ತುಣುಕಿನಲ್ಲಿ ಏನೂ ಸಿಗದಿರಲಿ. ಎಪ್ಪತ್ತು ವರ್ಷ ದೇವರ ಹೆಸರು ಹೇಳಿದವನು ನಾನು. ಆಗಿಹೋದದ್ದನ್ನು ಆಗದ ಹಾಗೆ ಮಾಡು ಎಂದು ಕೇಳುವುದು ಪ್ರಾರ್ಥನೆಯಲ್ಲ, ಚೌಕಾಸಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ತುಣುಕಿನಲ್ಲಿ ಸಿಕ್ಕಿತು. ಆ ಮಾತ್ರೆಯನ್ನು ಅರಗಿಸುವ ಶಕ್ತಿ ನನ್ನ ತಮ್ಮನಿಗೆ ಹುಟ್ಟಿನಿಂದಲೇ ಇರಲಿಲ್ಲ.

ಮರುದಿನ ನಾನೂ ಮಗಳೂ ಅಂಗಡಿಗೆ ಹೋದೆವು. "ನಾನು ಹೇಳ್ತೀನಿ, ನೀನು ಸುಮ್ಮನಿರು" ಎಂದು ದಾರಿಯಲ್ಲಿ ನನ್ನಿಂದ ಮಾತು ತೆಗೆದುಕೊಂಡಿದ್ದಳು. ತಮ್ಮನ ಹೆಂಡತಿ ಒಂದು ಅಂಗಿಯ ಗುಂಡಿಗಳಿಗೆ ಕಾಜ ಮಾಡುತ್ತಿದ್ದಳು. ಮಗಳು ಅವಳ ಕಾಲ ಬಳಿ ಮಣೆ ಎಳೆದುಕೊಂಡು ಕೂತು, ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಒಂದನ್ನೂ ಬಿಡಲಿಲ್ಲ, ಒಂದನ್ನೂ ಮೃದು ಮಾಡಲಿಲ್ಲ. "ನಾನು ಹಾಳೆಯನ್ನ ನನ್ನ ಮೇಜಿನ ಮೇಲೆ ತುಂಬಿದೆ ಚಿಕ್ಕಮ್ಮ. ಚಿಕ್ಕಪ್ಪನನ್ನೂ ಸರಿಯಾಗಿ ಕೇಳಲಿಲ್ಲ, ನಿಮ್ಮನ್ನಂತೂ ಕೇಳಲೇ ಇಲ್ಲ" ಎಂದಳು.

ತಮ್ಮನ ಹೆಂಡತಿ ಸೂಜಿ ನಿಲ್ಲಿಸಲಿಲ್ಲ. ಆ ಕಾಜವನ್ನು ಮುಗಿಸಿ, ಗಂಟು ಹಾಕಿ, ನೂಲನ್ನು ಹಲ್ಲಿನಿಂದ ಕಡಿದಳು.

"ನನಗೆ ಗೊತ್ತಿತ್ತು" ಎಂದಳು.

"ಏನು ಚಿಕ್ಕಮ್ಮ?"

"ಮೂಳೆಯದು. ಮಗಳು ಹುಟ್ಟಿದ ವರ್ಷ ಅವರೇ ಹೇಳಿದರು. ಅಣ್ಣನ ಮಾತು ಸುಳ್ಳಾಗಬಾರದು, ನೀನು ಎಲ್ಲೂ ಆಡಬೇಡ ಅಂದರು." ಅವಳು ನನ್ನ ಕಡೆ ತಿರುಗಿದಳು. "ನಿಮ್ಮ ಮಾತು ಉಳಿಸೋಕೆ ಗಂಡ ಹೆಂಡತಿ ಇಬ್ಬರೂ ಬಾಯಿ ಮುಚ್ಚಿಕೊಂಡು ಬದುಕಿದೆವು, ಭಾವ."

ನಾನು ತಲೆ ತಗ್ಗಿಸಿದೆ.

"ಆ ದಿನ ನಿನ್ನ ಕೋಣೆಯ ಹೊರಗೆ ಬೆಂಚಿನ ಮೇಲೆ ಒಂದು ಗಂಟೆ ಕೂತಿದ್ದೆ" ಎಂದು ನನ್ನ ಮಗಳಿಗೆ ಹೇಳಿದಳು. "ನೀನು ಎರಡು ಸಲ ಹಾದುಹೋದೆ. ಒಂದು ಸಲ ನನ್ನ ಬೆನ್ನು ತಟ್ಟಿ ಹೋದೆ. ನೀನು ಕರೆದು ಕೇಳಿದ್ದರೆ ಹೇಳ್ತಿದ್ದೆ. ಆಸ್ಪತ್ರೆಯಲ್ಲಿ ಕೇಳಿದರೆ ಮುಚ್ಚಿಡಬಾರದು ಅನ್ನೋ ಬುದ್ಧಿ ನನಗಿದೆ. ಯಾರೂ ಕೇಳಲಿಲ್ಲ."

ಮಗಳು ಅಳಲಿಲ್ಲ. "ನನ್ನನ್ನ ಏನು ಬೇಕಾದರೂ ಮಾಡಿ, ಆಸ್ಪತ್ರೆಗೆ ದೂರು ಕೊಡಿ" ಎಂದಳು.

"ಕೊಡ್ತೀನೋ ಬಿಡ್ತೀನೋ ಇನ್ನೂ ಗೊತ್ತಿಲ್ಲ. ಇವತ್ತು ಅದನ್ನ ಕೇಳಬೇಡ." ಅವಳು ಅಂಗಿಯನ್ನು ಮಡಿಸಿ ಪಕ್ಕಕ್ಕಿಟ್ಟಳು. "ಎಷ್ಟು ದಿನದಿಂದ ಗೊತ್ತು ಭಾವ ನಿಮಗೆ?"

"ಹತ್ತು ದಿನ."

"ಹತ್ತು ದಿನ ಇಲ್ಲಿ ಬಂದು ಚಹಾ ಕುಡಿದಿರಿ."

ಅಷ್ಟೇ ಅಂದಳು. ಬೈದಿದ್ದರೆ ಕೇಳಿಸಿಕೊಳ್ಳುವುದು ಸುಲಭವಿತ್ತು.

ಆಮೇಲೆ ಅವಳು ಫೋನು ತೆಗೆದು ತನ್ನ ಮಗಳಿಗೆ ಹಚ್ಚಿ, ನಮಗೂ ಕೇಳುವ ಹಾಗೆ ಸ್ಪೀಕರ್ ಒತ್ತಿ ನನ್ನ ಮಗಳ ಕೈಗೆ ಕೊಟ್ಟಳು. "ನನಗೆ ಹೇಳಿದ ಹಾಗೇ ಹೇಳು. ನಡುವೆ ನಾನು ಬರಲ್ಲ" ಎಂದಳು. ಆ ಹುಡುಗಿ ಬೇರೆ ಊರಿನಲ್ಲಿ ಕನ್ನಡಕದ ಗಾಜು ಮಾಡುವ ಕಾರ್ಖಾನೆಯಲ್ಲಿದ್ದಾಳೆ. ಹಿಂದೆ ಯಂತ್ರಗಳ ಸದ್ದು ಕೇಳುತ್ತಿತ್ತು.

"ಪುಟ್ಟಿ, ಅಕ್ಕ ಮಾತಾಡ್ತಿರೋದು. ಹೊರಗೆ ಬಾ, ಒಂದು ಕಡೆ ಕೂತ್ಕೋ."

"ಅಮ್ಮನಿಗೆ ಏನಾಯ್ತು?"

"ಅಮ್ಮ ಇಲ್ಲೇ ಇದ್ದಾರೆ, ಚೆನ್ನಾಗಿದ್ದಾರೆ. ಅಪ್ಪನ ವಿಷಯ. ಅಪ್ಪ ಹೋಗಿದ್ದು ನನ್ನ ತಪ್ಪಿನಿಂದ."

ನನಗೆ ತಡೆಯಲಾಗಲಿಲ್ಲ. ಕೊಟ್ಟ ಮಾತು ಮರೆತು ಫೋನಿನ ಕಡೆ ಬಾಗಿ, "ಮಗಳೇ, ತಪ್ಪು ಮೊದಲು ನನ್ನದು. ದೊಡ್ಡಪ್ಪನದು" ಎಂದೆ. ಯಂತ್ರದ ಸದ್ದು ದೂರವಾಯಿತು, ಬಾಗಿಲು ಹಾಕಿದ ಸದ್ದು ಕೇಳಿತು.

"ದೊಡ್ಡಪ್ಪ, ನಿಮ್ಮ ಹತ್ತಿರ ಆಮೇಲೆ ಮಾತಾಡ್ತೀನಿ. ಮೊದಲು ಅಕ್ಕ ಹೇಳಲಿ."

ಅಕ್ಕ ಹೇಳಿದಳು. ಎಲ್ಲ ಮುಗಿದ ಮೇಲೆ ಹುಡುಗಿ ಕೇಳಿದ್ದು ಒಂದೇ. "ಆ ಕೊನೇ ಎರಡು ದಿನದ ಮಾತ್ರೆ, ಊರಿಗೆ ಬಂದಿದ್ದಾಗ, ನಾನೇ ನುಂಗಿಸಿದ್ದು ಅಕ್ಕ. ಬಾಯಿ ತೆಗೆಯೋಕೆ ಆಗಲ್ಲ ಅಂದರೂ ಪುಡಿ ಮಾಡಿ ನೀರಲ್ಲಿ ಕೊಟ್ಟೆ. ಅದು ನಿನಗೆ ಗೊತ್ತಾ?"

"ಗೊತ್ತಿಲ್ಲ ಪುಟ್ಟಿ" ಎಂದಳು ನನ್ನ ಮಗಳು. ಆಗ ಅತ್ತಳು.

ಮುಂದಿನ ವಾರ ಹುಡುಗಿ ಬಂದು ರಕ್ತ ಕೊಟ್ಟು ಹೋದಳು. ಅವಳಿಗೆ ತಂದೆಯಿಂದ ಆ ಕೊರತೆ ಅರ್ಧ ಬಂದಿದೆ. ಯಾವ ಯಾವ ಔಷಧಿಯನ್ನು ಅವಳಿಗೆ ಪೂರ್ತಿ ಪ್ರಮಾಣದಲ್ಲಿ ಕೊಡಬಾರದೆಂದು ನನ್ನ ಮಗಳು ಒಂದು ಸಣ್ಣ ಕಾರ್ಡಿನಲ್ಲಿ ಬರೆದು ಕೊಟ್ಟಿದ್ದಾಳೆ. ಹುಡುಗಿ ಅದನ್ನು ಓದಿ ನೋಡಿ, ಎರಡು ಪ್ರಶ್ನೆ ಕೇಳಿ ಕೈಚೀಲದಲ್ಲಿ ಇಟ್ಟುಕೊಂಡಳಂತೆ. ತಾಯಿಯ ಜೊತೆ ಒಂದು ರಾತ್ರಿ ಇದ್ದು ಹೋದಳು. ನಮ್ಮ ಮನೆಗೆ ಬರಲಿಲ್ಲ. ದೂರು ಕೊಡುವ ವಿಷಯದಲ್ಲಿ ತಮ್ಮನ ಹೆಂಡತಿ ಇನ್ನೂ ಏನೂ ಹೇಳಿಲ್ಲ. ನನ್ನ ಮಗಳು ದಿನವೂ ಕೆಲಸಕ್ಕೆ ಹೋಗುತ್ತಾಳೆ, ಬಂದ ಮೇಲೆ ಬಹಳ ಮಾತಾಡುವುದಿಲ್ಲ.

ನಾನು ಅಂಗಡಿಗೆ ಹೋಗುವುದನ್ನು ನಿಲ್ಲಿಸಿದ್ದೇನೆ. ಆಮೇಲೆ ಮಾತಾಡ್ತೀನಿ ಎಂದಿದ್ದಳು ಆ ಹುಡುಗಿ. ಏನು ಕೇಳುತ್ತಾಳೋ, ನಾನೇನು ಹೇಳುತ್ತೇನೋ ತಿಳಿಯದು. ಪ್ರಾರ್ಥನೆಗೆ ಕೂರುವಾಗಲೂ ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡಿರುತ್ತೇನೆ.