ಎಲ್ಲಕ್ಕೂ ಒಂದೇ ಪಟ್ಟಿ

ಬಾಯ್ಲರ್ ಎಷ್ಟು ತಡೆದೀತೆಂದು ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ನೋಡುವ, ಕಾರ್ಖಾನೆಯ ಹಳೆಯ ಸಿಮ್ಯುಲೇಷನ್ ಪ್ರೋಗ್ರಾಮು ಗೋಜಲೋ ಗೋಜಲು. ಉಕ್ಕಿನ ಗುಣಗಳನ್ನು ಹದಿನಾಲ್ಕು ಕಡೆ ಬರೆದಿಟ್ಟಿದ್ದರು. ಮೂರು ತಿಂಗಳ ಹಿಂದೆ, ಅಲ್ಲಿ ಎಂಜಿನಿಯರಾಗಿದ್ದ ಅವಳು ಅದನ್ನು ಡಿಸೈನ್ ಪ್ಯಾಟರ್ನ್‌ಗಳ, ಅಂದರೆ ಪ್ರೋಗ್ರಾಮು ಬರೆಯುವವರು ಒಪ್ಪಿಕೊಂಡ ಸಿದ್ಧ ಮಾದರಿಗಳ, ಪ್ರಕಾರ ಹೊಸದಾಗಿ ಕಟ್ಟಿದಳು. ಇಡೀ ಪ್ರೋಗ್ರಾಮಿಗೆ ಒಂದೇ ಪಟ್ಟಿ, ಯಾವ ಲೆಕ್ಕಕ್ಕೆ ಏನು ಬೇಕಾದರೂ ಅದನ್ನೇ ಕೇಳಬೇಕು. ಸಿಂಗಲ್‌ಟನ್ ಅನ್ನುತ್ತಾರೆ. ಬಲು ಚೊಕ್ಕವಾಗಿತ್ತು. ಅವಳಿಗೆ ಕೊಂಚ ಜಂಬವೂ ಬಂದಿತ್ತು, ಸುಳ್ಳೇಕೆ ಹೇಳಬೇಕು.

ಮಧ್ಯಾಹ್ನ ಮೂರಕ್ಕೆ, ಕಡತದಲ್ಲಿಡಲೆಂದು ಪ್ರೋಗ್ರಾಮನ್ನು ಹೊಸದಾಗಿ ತೆರೆದು, ಹೊಸ ಬಾಯ್ಲರಿನ ಲೆಕ್ಕವೊಂದನ್ನೇ ಇನ್ನೊಮ್ಮೆ ಓಡಿಸಿದಳು. ಎಷ್ಟು ಒತ್ತಡ ತಡೆದೀತು ಎಂದರೆ ಬೆಳಿಗ್ಗೆ ನಲವತ್ತು ಬಾರ್ ಎಂದಿದ್ದ ಕಂಪ್ಯೂಟರ್ ಈಗ ಮೂವತ್ತೊಂದು ಎಂದಿತು. ಮತ್ತೆ ಓಡಿಸಿದಳು, ಮೂವತ್ತೊಂದೇ. ಬೆಳಿಗ್ಗೆ ಮೊದಲು ತಣ್ಣೀರಿನ ಪೈಪಿನ ಲೆಕ್ಕ ಮಾಡಿದ್ದಳಲ್ಲ, ಅದು ಬಾಯ್ಲರಿನ ಬಿಸಿಗೆ ಹೊಂದಿಸಿಟ್ಟಿದ್ದ ಪಟ್ಟಿಯ ಉಷ್ಣತೆಯನ್ನು ಇಪ್ಪತ್ತು ಡಿಗ್ರಿಗೆ ಇಳಿಸಿ ಹಾಗೆಯೇ ಬಿಟ್ಟಿತ್ತು. ಪಟ್ಟಿ ಇದ್ದದ್ದೇ ಒಂದು. ಹಿಂದೆಯೇ ಬಂದ ಬಾಯ್ಲರಿನ ಲೆಕ್ಕ ತಣ್ಣನೆಯ ಉಕ್ಕಿನ ಬಲವನ್ನೇ ತೆಗೆದುಕೊಂಡಿತ್ತು. ಕಾದ ಉಕ್ಕಿಗೆ ಅಷ್ಟು ಬಲವೆಲ್ಲಿ?

ಆ ನಲವತ್ತನ್ನು ನಂಬಿ ಅದೇ ಕಾರ್ಖಾನೆಯಲ್ಲಿ ಪರೀಕ್ಷಕನಾಗಿದ್ದ ಅವಳ ಸ್ವಂತ ಅಣ್ಣನೇ ಅಂಗಳದಲ್ಲಿ ಬಾಯ್ಲರಿನ ಪಕ್ಕ ನಿಂತು ಪರೀಕ್ಷೆ ಮಾಡುತ್ತಿದ್ದ. ಅಂಗಳದೊಳಗೆ ಫೋನ್ ಒಯ್ಯುವಂತಿಲ್ಲ, ಗೇಟಿನಲ್ಲೇ ಬಿಟ್ಟುಹೋಗಬೇಕು. ಅವಳು ಬಿದ್ದಂಬೀಳ ಓಡಿದಳು. ಕೆಲಸ ಹೋದೀತು, ಮೂರು ತಿಂಗಳ ಹೆಸರು ಮಣ್ಣುಪಾಲಾದೀತು ಎಂಬ ಭಯವೂ ಜೊತೆಗೇ ಓಡುತ್ತಿತ್ತು.

ಪರೀಕ್ಷೆ ಆಗಲೇ ಮುಗಿದಿತ್ತು. ಅಣ್ಣ ಪೆನ್ನು ಹಿಡಿದು ನಗುತ್ತಿದ್ದ.

"ಒಂದು ಹನಿ ಸೋರ್ಲಿಲ್ಲ ಕಣೇ. ನಿನ್ನ ಲೆಕ್ಕ ಅಂದ್ರೆ ಲೆಕ್ಕ."

ಸೋರುವುದಾದರೂ ಹೇಗೆ? ಪರೀಕ್ಷೆ ಮಾಡಿದ್ದು ತಣ್ಣೀರು ತುಂಬಿ. ಈಗ ಬಾಯಿಗೆ ಬೀಗ ಹಾಕಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ, ಬೆಂಕಿ ಹಾಕುವ ದಿನದವರೆಗೆ. ಆ ಯೋಚನೆ ಬಂದದ್ದಕ್ಕೇ ಅವಳಿಗೆ ನಾಚಿಕೆಯಾಯಿತು.

"ಸಹಿ ಹಾಕ್ಬೇಡ ಅಣ್ಣ. ಲೆಕ್ಕ ತಪ್ಪಿದೆ, ತಪ್ಪು ನಂದೇ. ಬಿಸಿಯಾದ್ರೆ ಇದು ತಡ್ಕೊಳಲ್ಲ."

ಪೈಪಿನ ಕತೆಯನ್ನೆಲ್ಲ ತೊದಲುತ್ತ ಹೇಳಿದಳು. ಅಣ್ಣ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಅವನು ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಮೆಲ್ಲಗೆ ಕೇಳಿದ.

"ಹೋದ ತಿಂಗಳು ಒಂದು ಬಾಯ್ಲರ್ ಕಳಿಸಿದ್ವಲ್ಲ, ಅದರ ಲೆಕ್ಕದ ದಿನಾನೂ ಪೈಪಿನ ಲೆಕ್ಕಾನೇ ಮೊದ್ಲು ಮಾಡಿದ್ಯಾ?"

ಸಣ್ಣ ಕೆಲಸ ಮೊದಲು ಮುಗಿಸುವುದು ಅವಳ ರೂಢಿ.

"ಯಾವಾಗ್ಲೂ ಹಾಗೇ ಮಾಡೋದು."

"ಅದಕ್ಕೆ ಮೊನ್ನೆಯಿಂದ ಬೆಂಕಿ ಹಾಕಿದಾರೆ," ಎಂದವನೇ ಅಣ್ಣ ಫೋನಿಗಾಗಿ ಗೇಟಿನತ್ತ ಓಡಿದ.