ತನ್ಮಯಿ ಕುಡಿದ ಕಷಾಯ

ನನ್ನ ಅಮ್ಮ ಕಾತ್ಯಾಯಿನಿ ಪಂಚಾಂಗ ನೋಡಿ, ನಾನು ಹೆಂಡತಿ ತನ್ಮಯಿಯ ಜೊತೆ ಮಲಗಬೇಕಾದ ದಿನಗಳಿಗೆ ಹಾಲ್‌ನ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕುತ್ತಾಳೆ. ಜಯನಗರದ ಮರ್ಯಾದಸ್ಥರ ಮನೆ ನಮ್ಮದು. ಥೂ, ಹೇಳಿಕೊಳ್ಳಲೂ ಅಸಹ್ಯ.

ಮದುವೆಯಾಗಿ ಎರಡು ವರ್ಷ. ಒಮ್ಮೆಯೂ ನನ್ನ ಕೈಲಿ ಆಗಲಿಲ್ಲ. ದೇಹದಲ್ಲಿ ದೋಷವಿಲ್ಲ, ಎಲ್ಲ ಮನಸ್ಸಿನದು ಎಂದರು ಡಾಕ್ಟರು. ಹಾಗಾಗಿ ಪ್ರತಿ ಶನಿವಾರ, ಬ್ಯಾಂಕಿನಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿ, ಜೆ.ಪಿ. ನಗರದ ಕ್ಲಿನಿಕ್ಕೊಂದಕ್ಕೆ ಬಯೋಫೀಡ್‌ಬ್ಯಾಕ್ ಚಿಕಿತ್ಸೆಗೆ ಹೋಗುತ್ತೇನೆ. ಥೆರಪಿಸ್ಟ್ ವಿಭಾ ನನ್ನ ಎರಡು ಬೆರಳಿಗೆ ತಂತಿ ಸಿಕ್ಕಿಸುತ್ತಾರೆ. ನನಗೆ ಗಾಬರಿಯಾದರೆ ಪರದೆಯ ಮೇಲಿನ ಗೆರೆ ಏರುತ್ತದೆ. ನಿಧಾನವಾಗಿ ಉಸಿರಾಡಿ ಅದನ್ನು ಇಳಿಸುವುದೇ ಅಭ್ಯಾಸ.

ಮೊನ್ನೆ ಶನಿವಾರ ಹಾಸಿಗೆಯ ವಿಷಯವನ್ನೆಲ್ಲ ಹೇಳಿ ಮುಗಿಸಿದೆ. ಗೆರೆ ಅಲುಗಲಿಲ್ಲ.

"ಅದಕ್ಕೂ ಮುಂಚೆ, ಸಂಜೆ ಏನಾಗುತ್ತೆ?" ಎಂದರು ವಿಭಾ.

"ಅಮ್ಮ ತನ್ಮಯಿಗೆ ಕಷಾಯ ಕುಡಿಸ್ತಾಳೆ. ಬಸಿರಾಗ್ಲಿ ಅಂತ."

ಗೆರೆ ಸರ್ರನೆ ಮೇಲೇರಿತು.

"ಅವರಿಗ್ಯಾಕೆ ಸಾರ್ ಔಷಧಿ? ತೊಂದರೆ ಇರೋದು ನಿಮಗಲ್ವಾ?"

ವರ್ಷದಿಂದ ತನ್ಮಯಿ ಮೂಗು ಹಿಡಿದು ಕುಡಿದು, ಬಚ್ಚಲಿಗೆ ಓಡಿ ಕಕ್ಕುವುದನ್ನು ಪೇಪರ್ ಹಿಡಿದು ಕೂತು ಕೇಳಿಸಿಕೊಂಡ ಗಂಡಸು ನಾನು. ಅವಳ ತವರಿಗೂ ಅಮ್ಮ ಫೋನ್ ಮಾಡಿ, ನಿಮ್ಮ ಹುಡುಗಿಯಲ್ಲೇ ದೋಷವಿದೆ ಎಂದಿದ್ದಳು. ಮರುದಿನ, ಭಾನುವಾರ, ಅವಳಪ್ಪ ಬಂದು ಅವಳನ್ನು ಕರೆದುಕೊಂಡು ಹೋಗುವವರಿದ್ದರು. ನಿಜ ಹೇಳಲು ನನಗೆ ಉಳಿದಿದ್ದು ಅದೊಂದೇ ಸಂಜೆ.

ಮನೆಗೆ ಬಂದಾಗ ಅಮ್ಮ ಅಡುಗೆಮನೆಯಲ್ಲಿ ಲೋಟ ಚಾಚಿ ನಿಂತಿದ್ದಳು. ತನ್ಮಯಿ ಕೈ ನೀಡಿದ್ದಳು.

"ಅಮ್ಮ, ಅವಳಿಗೆ ಕೊಡಬೇಡ. ತೊಂದರೆ ಇರೋದು ನನಗೆ. ಟ್ರೀಟ್‌ಮೆಂಟ್ ತಗೋತಿದೀನಿ."

ಅಮ್ಮನ ಮುಖ ಸ್ವಲ್ಪವೂ ಬದಲಾಗಲಿಲ್ಲ. "ಗೊತ್ತು ಕಣೋ ಅನಂತು. ಮೊದಲನೇ ತಿಂಗಳೇ ಗೊತ್ತಾಯ್ತು. ನಾಲ್ಕು ಜನ ಕೇಳಿದ್ರೆ ಗಂಡುಮಗನ ಹೆಸರು ಹೇಳಕ್ಕಾಗುತ್ತಾ? ಅದಕ್ಕೇ ಇವಳಿಗೆ ಕೊಡ್ತಿದ್ದೆ."

ಈಗಲಾದರೂ ತನ್ಮಯಿ ಅಮ್ಮನ ಮೇಲೆ ಹರಿಹಾಯುತ್ತಾಳೆ ಎಂದುಕೊಂಡೆ. ಅವಳು ನನ್ನನ್ನೇ ನೋಡುತ್ತಿದ್ದಳು.

"ಅತ್ತೆಗೆ ಗೊತ್ತಿದೆ ಅಂತ ನಂಗೂ ಗೊತ್ತಿತ್ತು ರೀ," ಎಂದಳು. "ನೀವು ಯಾವತ್ತು ಬಾಯಿ ಬಿಡ್ತೀರ ಅಂತ ನೋಡ್ತಿದ್ದೆ. ಒಂದು ವರ್ಷ ಬೇಕಾಯ್ತು."

ಒಳಗೆ ಹೋಗಿ, ತುಂಬಿಟ್ಟಿದ್ದ ಸೂಟ್‌ಕೇಸಿನ ಜಿಪ್ ಎಳೆದು ಮುಚ್ಚಿದಳು.